ಹಿಟ್ಟು ನಾದುತ್ತಲೇ ಇದ್ದ ಕೈ

ರೆಜಾನ್‌ಗೆ ಬೇರೆ ಯಾವಳೋ ಇದ್ದಾಳೆ ಅಂತ ನಾನು ನಂಬಿಬಿಟ್ಟಿದ್ದೆ.

ಮೂರು ಶನಿವಾರದಿಂದ ನೋಡುತ್ತಿದ್ದೆ. ಶನಿವಾರವೆಂದರೆ ಕೆನಡಾದ ರಿಮುಸ್ಕಿ ಊರಿನ ನನ್ನ ಅಡುಗೆಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೂ ಓವನ್ ಆರುವುದಿಲ್ಲ. ಭಾನುವಾರದ ತಿಂಡಿಗೆ ಬೀದಿಯವರೆಲ್ಲ ನನ್ನ ಬ್ರೆಡ್ಡಿಗೆ, ಕ್ರೊಸಾಂಟ್‌ಗೆ, ದಾಲ್ಚಿನ್ನಿ ಬನ್ನಿಗೆ ಕಾಯುತ್ತಾರೆ. ನದಿ ಹೆಪ್ಪುಗಟ್ಟಿ ದೋಣಿಯ ಕೆಲಸ ನಿಂತಿದ್ದರಿಂದ ರೆಜಾನ್ ಸಹಾಯಕ್ಕೆ ಬರುತ್ತಿದ್ದ. ಆದರೆ ಅರ್ಧ ಗಂಟೆಗೊಮ್ಮೆ ಫೋನ್ ಹಿಡಿದು ಹಿಂಬಾಗಿಲಿನಿಂದ ಹಿಮಕ್ಕೆ ಇಳಿದುಬಿಡುತ್ತಿದ್ದ.

ಆ ದಿನವೂ ಕ್ರೊಸಾಂಟ್‌ಗೆಂದು ಬೆಣ್ಣೆ ತುಂಬಿದ ಹಿಟ್ಟನ್ನು ಮಡಿಚಿ ಲಟ್ಟಿಸುತ್ತಿದ್ದ.

"ಅಷ್ಟು ಒತ್ತಬೇಡ, ಬೆಣ್ಣೆ ಹೊರಗೆ ಬರುತ್ತೆ," ಅಂದೆ.

"ಮೇಡಂ ಹೇಳಿದ್ಮೇಲೆ ಮುಗೀತು." ಓರೆಗಣ್ಣಲ್ಲಿ ನೋಡಿದ. "ನಿನ್ನ ಮೂಗಿನ ಮೇಲೆ ಹಿಟ್ಟಿದೆ."

"ಒರೆಸು ಮತ್ತೆ."

"ಯಾಕೆ? ಚೆನ್ನಾಗೇ ಇದೆ."

ನೋಟ ಅಲ್ಲೇ ನಿಂತಿತು. ನಲವತ್ತಾರರ ನನ್ನ ಮುಖ ಹುಡುಗಿಯ ಹಾಗೆ ಕೆಂಪಾಯಿತು. ಅಷ್ಟರಲ್ಲಿ ಅವನ ನಗು ಮಾಯವಾಯಿತು. "ಒಂದು ಫೋನ್ ಬಂತು," ಅಂದು ಹೊರಗೆ ಹೋದ.

ಫೋನ್ ರಿಂಗಾಗಿರಲಿಲ್ಲ. ಚಪ್ಪಲಿಯಲ್ಲೇ ಅವನ ಹಿಂದೆ ಹೋದೆ.

ಸೌದೆ ರಾಶಿಯ ಮೇಲೆ ಕೈಯೂರಿ ಬಾಗಿ ನಿಂತಿದ್ದ. ಬಾಯಲ್ಲಿ ಇನ್ಹೇಲರ್. ಎದೆ ಸುಯ್‌ಗುಟ್ಟುವುದು ನನಗೂ ಕೇಳುತ್ತಿತ್ತು.

"ಯಾವಾಗಿಂದ?"

"ನವೆಂಬರ್‌ನಿಂದ. ಹಿಟ್ಟಿನ ಧೂಳು ಆಗಲ್ಲ ಅಂದ್ರು ಡಾಕ್ಟರ್. ಹೀಗೇ ಇದ್ರೆ ಔಷಧಿನೂ ಒಂದಿನ ಕೈ ಕೊಡುತ್ತಂತೆ."

"ಹೇಳಬಾರದಿತ್ತಾ? ನಾನು ಯಾವಳೋ ಇದ್ದಾಳೆ ಅಂದ್ಕೊಂಡಿದ್ದೆ."

"ಅದನ್ನೇ ನಂಬ್ಕೊಂಡು ಬೈದು ಓಡಿಸಿದ್ರೆ ಇಬ್ರಿಗೂ ಸುಲಭ ಆಗ್ತಿತ್ತು."

ಒಳಗೆ ಟೈಮರ್ ಕೂಗಿತು. ಓಡಿಹೋಗಿ ಬ್ರೆಡ್ ತೆಗೆದೆ. ಬನ್ನಿನ ಹಿಟ್ಟು ಕಾಯುತ್ತಿತ್ತು, ಅದಕ್ಕೆ ಕೈ ಹಾಕಿದೆ. ಅವನು ಹೊಸ್ತಿಲಾಚೆಯೇ ನಿಂತ.

"ನೀನು ಇಲ್ಲಿಗೆ ಬರೋದು ಬೇಡ, ನಾನೇ ನಿನ್ನ ಮನೆಗೆ ಬರ್ತೀನಿ," ಅಂದೆ.

"ಹೋದ ವಾರ ಬಂದಿದ್ದೆಯಲ್ಲ. ನೀನು ಹೋದ್ಮೇಲೆ ಆಸ್ಪತ್ರೆಗೆ ಹೋಗಬೇಕಾಯ್ತು. ನಿನ್ನ ಕೂದಲಲ್ಲೂ ಹಿಟ್ಟಿರುತ್ತೆ, ಲಿಸೆಟ್."

"ಹಾಗಾದ್ರೆ ಬಿಡ್ತೀನಿ. ಬೇಕಿಂಗೇ ಬಿಡ್ತೀನಿ. ಮನೆಯೆಲ್ಲ ತೊಳೆಸ್ತೀನಿ."

ಅವನು ನನ್ನ ಕೈಗಳನ್ನೇ ನೋಡಿದ. ನಾನೂ ನೋಡಿದೆ. ಆ ಮಾತು ಆಡುವಾಗಲೂ ಅವು ಹಿಟ್ಟು ನಾದುತ್ತಲೇ ಇದ್ದವು.

"ಗಂಡ ತೀರ್ಕೊಂಡ ವರ್ಷ ನಿನ್ನನ್ನ ಹಾಸಿಗೆಯಿಂದ ಎಬ್ಬಿಸಿದ್ದು ಈ ಬೇಕಿಂಗ್ ಒಂದೇ ಅಂತ ನೀನೇ ಹೇಳಿದ್ದೆ," ಅಂದ ಮೆಲ್ಲಗೆ. "ಅದನ್ನ ಕಿತ್ಕೊಂಡು ನಾನು ಇಲ್ಲಿ ಆರಾಮಾಗಿ ಉಸಿರಾಡ್ಲಾ? ನದಿಯಾಚೆ ಸೆಟ್-ಇಲ್ ಊರಲ್ಲಿ ಅಕ್ಕ ಇದ್ದಾಳೆ, ಅಲ್ಲಿಗೆ ಹೋಗ್ತೀನಿ. ಅಲ್ಲೂ ದೋಣಿ ಕೆಲಸ ಇದೆ."

"ನನ್ನ ಪ್ರೀತಿಸ್ತೀಯಾ?"

"ಇಲ್ಲದಿದ್ರೆ ಇಷ್ಟು ದಿನ ಇಲ್ಲಿ ಸಾಯೋಕೆ ಬರ್ತಿದ್ನಾ?"

ಇಬ್ಬರಿಗೂ ನಗು ಬಂತು. ನಗು ನಿಂತ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲು ಆಗಲಿಲ್ಲ.

ಮೊಣಕೈವರೆಗೆ ತೊಳೆದುಕೊಂಡೆ. ಬೇರೆ ಸ್ವೆಟರ್ ಹಾಕಿ, ಕೂದಲಿಗೆ ಬಟ್ಟೆ ಸುತ್ತಿ ಹೊರಗೆ ಹೋದೆ. ಅವನು ಅಪ್ಪಿಕೊಂಡ. ಬಿಡುವವರೆಗೂ ನಾನು ಉಸಿರು ಬಿಗಿಹಿಡಿದೇ ಇದ್ದೆ.

ಆ ದಿನದ ಬನ್ನುಗಳು ಎಂದಿಗಿಂತ ಚೆನ್ನಾಗಿ ಉಬ್ಬಿದವು. ಸಂಜೆ ಒಯ್ಯಲು ಬಂದ ಪಕ್ಕದ ಮನೆಯ ಪೆಲ್ಟಿಯೇ ಅಜ್ಜಿ, "ರೆಜಾನ್ ಎಲ್ಲಮ್ಮಾ?" ಅಂದರು.

"ಹೋದ," ಅಂದೆ. ಅವರು ನನ್ನ ಮುಖ ನೋಡಿ ಬನ್ನಿನ ಚೀಲ ತೆಗೆದುಕೊಂಡರು.

ಏಪ್ರಿಲ್‌ನಲ್ಲಿ ಒಮ್ಮೆ ಸೆಟ್-ಇಲ್‌ನಿಂದ ಫೋನ್ ಮಾಡಿದ. ಬಂದರಿನ ಮೆಟ್ಟಿಲು ಹತ್ತುತ್ತಲೇ ಮಾತಾಡುತ್ತಿದ್ದೀನಿ ಅಂದ. ಅವನ ಉಸಿರು ಅಷ್ಟು ಸಲೀಸಾಗಿ ಬರುತ್ತಿತ್ತು. ನಾನು ಅದನ್ನೇ ಕೇಳುತ್ತಾ ಕೂತೆ.