ಕೊನೆಯ ಎಲೆ

ಹೊರಗೆ ಬೀಗ ಬಿದ್ದ ಸದ್ದು. ಮರುಕ್ಷಣ ಏಸಿ ನಿಂತಿತು.

ಚೆನ್ನೈ. ಮೇ ತಿಂಗಳ ಮಟಮಟ ಮಧ್ಯಾಹ್ನ. ಮೊಬೈಲ್ ಟವರಿನ ಬುಡದ ಕಬ್ಬಿಣದ ಡಬ್ಬಿಯೊಳಗೆ ನಾನು... ಆ ಬಿಸಿಲಿಗೆ ಹಾರುವ ಕಾಗೆ ಹುರಿದು ಕೆಳಗೆ ಬೀಳುತ್ತದೆ. ಬೇಕಾದರೆ ಹೋಗಿ ನೋಡಿ.

"ಬೇಯ್ತಾ ಇರು ಕದಿರು," ಹೊರಗಿನಿಂದ ಚೆಲ್ಲದುರೈ ಅಂದ. "ಮ್ಯಾಚ್ ಮುಗಿದ್ಮೇಲೆ ತೆಗೀತೀನಿ. ಆಗಲೂ ನೀನಿದ್ರೆ."

ಚೆಲ್ಲದುರೈ ಬೆಟ್ಟಿಂಗ್ ದಳ್ಳಾಳಿ. ಟೀವಿಯಲ್ಲಿ ಚೆಂಡು ಕಾಣುವುದು ತುಸು ತಡ. ಅಷ್ಟರೊಳಗೆ ಪಕ್ಕದ ಸ್ಟೇಡಿಯಮ್ಮಿನಿಂದ ಇವನ ಮೆಸೇಜ್ ದುಬೈಯ ಬುಕ್ಕಿಗಳಿಗೆ ತಲುಪಿರುತ್ತದೆ. ನಲವತ್ತು ಸಾವಿರ ಜನರ ನೂಕುನುಗ್ಗಲಲ್ಲಿ ಇವನ ಫೋನ್ ಮಾತ್ರ ಹೇಗೆ ಓಡುತ್ತದೆ? ಪತ್ತೆ ಮಾಡಲು ಟವರ್ ಕಂಪನಿ ನನ್ನನ್ನು ಕರೆಸಿತ್ತು. ಕನ್ಯಾಕುಮಾರಿಯಿಂದ ಈಚೆಗೆ ನನ್ನಂಥವನು ಇನ್ನೊಬ್ಬನಿಲ್ಲ. ಕಾಫಿ ಆರುವುದರೊಳಗೆ ಪತ್ತೆ ಮಾಡಿದೆ. ಬೆನ್ನ ಹಿಂದೆ ನೋಡುವುದನ್ನು ಮರೆತೆ.

ಟವರ್ ಎಂದರೆ ಮದುವೆ ಊಟ ಬಡಿಸುವವನು. ಬಕೆಟ್ ಒಂದು, ಎಲೆ ನಲವತ್ತು ಸಾವಿರ. ಮುಂದಿನ ಸೌಟು ಯಾರ ಎಲೆಗೆ ಎಂದು ತೀರ್ಮಾನಿಸುವುದು ಅದರೊಳಗಿನ ಶೆಡ್ಯೂಲರ್. ಕೈ ಬಿಸಿ ಮಾಡಿಸಿಕೊಂಡ ಕಂಪನಿಯ ಒಳಗಿನವನೊಬ್ಬ ಚೆಲ್ಲದುರೈ ನಂಬರನ್ನು ಮೊದಲ ಪಂಕ್ತಿಯ ಮೊದಲ ಎಲೆಗೆ ಕೂರಿಸಿದ್ದ.

ನನ್ನ ಫೋನನ್ನು ಚೆಲ್ಲದುರೈ ಕಿತ್ತುಕೊಂಡಿದ್ದ. ಟವರಿಗೆ ತಂತಿ ಚುಚ್ಚಿದ್ದ ಲ್ಯಾಪ್‌ಟಾಪನ್ನು ಬಿಟ್ಟು ಹೋಗಿದ್ದ.

ಅದಕ್ಕೆ ಟವರಿನ ಜೊತೆ ಮಾತ್ರ ಮಾತು, ಹೊರಜಗತ್ತಿನ ಜೊತೆಗಲ್ಲ. ಟವರ್ ಆಫ್ ಮಾಡಿದರೆ ಕಂಪನಿಯವರು ಬಂದಾರು. ಆದರೆ ಆ ಟ್ರಾಫಿಕ್ಕಿನಲ್ಲಿ ಅವರು ಮುಟ್ಟುವಷ್ಟರಲ್ಲಿ ನಾನು ಇಡ್ಲಿ.

ಬೇಗ ಬರಬಲ್ಲವನು ಒಬ್ಬನೇ. ಕೀಲಿ ಇದ್ದವನು.

ಅವನ ನಂಬರನ್ನು ಎಲ್ಲರಿಗಿಂತ ಹಿಂದಕ್ಕೆ ತಳ್ಳಿದೆ. ಕಾದೆ. ಗೋಡೆ ಮುಟ್ಟಿದರೆ ಬೊಬ್ಬೆ. ಉಸಿರು ಗಂಟಲಲ್ಲೇ ಕುದಿಯಿತು. ಕಣ್ಣು ಕತ್ತಲಿಡುವಾಗ ಬಾಗಿಲು ದಡದಡ ಎಂದಿತು.

"ಲೇ, ಏನ್ ಮಾಡಿದ್ಯೋ? ನನ್ ಮೆಸೇಜ್ ಹೋಗ್ತಿಲ್ಲ."

"ಹೋಗುತ್ತೆ ಅಣ್ಣಾಚಿ. ಊರವರ ಸೆಲ್ಫಿಯೆಲ್ಲ ಹೋದ್ಮೇಲೆ."

"ದುಬೈಯವರು ನನ್ನ ಹೂತು ಹಾಕ್ತಾರೆ ಕಣೋ."

"ನನಗೂ ಪಕ್ಕದಲ್ಲೇ ಜಾಗ ಹಿಡಿದಿಡಿ."

ಬೀಗ ಕಳಚಿತು. ಮೊದಲು ಮಚ್ಚು ಒಳಗೆ ಬಂತು, ಆಮೇಲೆ ಹೊಟ್ಟೆ, ಆಮೇಲೆ ಚೆಲ್ಲದುರೈ. ಮಚ್ಚು ನನ್ನ ಕುತ್ತಿಗೆಗೆ.

"ಮೊದಲಿನ ಹಾಗೆ ಮಾಡು."

ಸುಮ್ಮನೆ ಒಂದು ಕೀ ಒತ್ತಿದೆ. "ಆಯ್ತು. ನೋಡಿ."

"ಸಿಗ್ನಲ್ಲೇ ಇಲ್ವಲ್ಲೋ."

"ಕಬ್ಬಿಣದ ಡಬ್ಬಿ ಅಲ್ವಾ. ಆ ಮೂಲೇಲಿ ಒಂಚೂರು ಸಿಗುತ್ತೆ. ಮೇಲೆತ್ತಿ ಹಿಡೀರಿ."

ಕೊಲೆಗಾರನಾದರೇನು, ಫೋನಿದ್ದವನು ಮನುಷ್ಯನೇ. ಮೂಲೆಗೆ ಹೋಗಿ, ಕೈಯೆತ್ತಿ, ಕತ್ತು ಮೇಲೆ ಮಾಡಿ ನಿಂತ.

ನಾನು ಹೊರಗೆ. ಬೀಗ ಬಾಗಿಲಿಗೆ, ಅದರಲ್ಲೇ ಬಿಟ್ಟಿದ್ದ ಕೀಲಿ ನನ್ನ ಜೇಬಿಗೆ.

"ಕದಿರು, ತೆಗಿಯೋ. ಸತ್ತೋಗ್ತೀನಿ."

"ಫೋನ್ ಇದೆಯಲ್ಲ ಅಣ್ಣಾಚಿ. ಯಾರಿಗಾದ್ರೂ ಮಾಡಿ."

ಆ ಮೂಲೆಯಲ್ಲಿ ಸಿಗ್ನಲ್ ಸಿಗುವುದು ನಿಜವೇ. ಆದರೆ ಕೊನೆಯ ಎಲೆಯವನ ಕರೆ ಎಲ್ಲಿಗೂ ಹೋಗದು... ಒಂದನ್ನು ಬಿಟ್ಟು. ಅದು ಬಂದರೆ ಎಂಥ ಟವರೂ ಪಂಕ್ತಿ ಮುರಿದು ದಾರಿ ಬಿಡುತ್ತದೆ. ನೂರ ಹನ್ನೆರಡು.

ಪೊಲೀಸ್ ಜೀಪು ಬಂದಾಗ ನಾನು ನೆರಳಲ್ಲಿ ಕೂತು ಮಜ್ಜಿಗೆ ಕುಡಿಯುತ್ತಿದ್ದೆ.

"ಫೋನ್ ಮಾಡಿ ಕರೆದೋರು ಯಾರಪ್ಪಾ?" ಎಂದರು ಇನ್ಸ್‌ಪೆಕ್ಟರು.

ಕೀಲಿ ಅವರ ಕೈಗಿಟ್ಟೆ. "ಒಳಗಿದಾರೆ ಸಾರ್. ನಿಮ್ಮನ್ನೇ ಕಾಯ್ತಾ ಇದಾರೆ."