ಅಡುಗೆಮನೆಯ ಬಾಗಿಲುವಾಡ

ಬೀಗ ಹಾಕಿದ ಮನೆಯೊಳಗಿಂದ ಒಂದು ಬಾಗಿಲು ಕಾಣೆಯಾಗಿತ್ತು.

ಬಾಗಿಲಷ್ಟೇ ಅಲ್ಲ, ಅದರ ಬಾಗಿಲುವಾಡವೂ ಹೋಗಿತ್ತು. ನಡುಮನೆಗೂ ಅಡುಗೆಮನೆಗೂ ನಡುವೆ ಗೋಡೆ ಬಾಯಿ ತೆರೆದುಕೊಂಡಿತ್ತು. ಅಂಚಿನ ಮಣ್ಣು ಇನ್ನೂ ಉದುರುತ್ತಿತ್ತು.

"ಮೊನ್ನೆ ಬಂದಾಗ ಇತ್ತು ಮೇಡಂ. ಇವತ್ತು ಕಿಟಕಿ ಪರದೆಗೆ ಅಳತೆ ತಗೊಳ್ಳೋಣ ಅಂತ ಬಂದ್ರೆ ಹಿಂಗಾಗಿದೆ," ಎಂದಳು ಕಹಕಶಾನ್. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು. ಶ್ರೀರಂಗಪಟ್ಟಣದ ಬಸ್ ನಿಲ್ದಾಣದ ಹತ್ತಿರ ಅವಳ ಟೈಲರ್ ಅಂಗಡಿ. ಹದಿನಾರು ವರ್ಷ ಬಾಡಿಗೆ ಮನೆಗಳಲ್ಲಿ ಕಳೆದ ಮೇಲೆ, ಹೊಳೆಗೆ ಕೂಗಳತೆಯಲ್ಲಿರುವ ಈ ಹೆಂಚಿನ ಮನೆ ಸಿಕ್ಕಿತ್ತು. ನಾಳೆ ಹನ್ನೊಂದಕ್ಕೆ ನೋಂದಣಿ.

ಹೆಡ್ ಕಾನ್‌ಸ್ಟೇಬಲ್ ರಂಜಿತ ಬೀಗವನ್ನು ತಿರುಗಿಸಿ ನೋಡಿದಳು. ಮುರಿದಿರಲಿಲ್ಲ. ಒಮ್ಮೆ ನೋಡಿದ್ದು ಸಾಲದೆಂದು ಇನ್ನೊಮ್ಮೆ ನೋಡಿದಳು. ಸಂಜೆ ಕಾಲೇಜಿನಲ್ಲಿ ಓದಿ ಬಿ.ಎ. ಮುಗಿಸಿದವಳು. ತನಗೆ ತಿಳಿದದ್ದು ಸರಿಯೋ ತಪ್ಪೋ ಎಂಬ ಅಳುಕು ಅವಳನ್ನು ಇನ್ನೂ ಬಿಟ್ಟಿರಲಿಲ್ಲ.

"ಕೀ ಯಾರ ಹತ್ರ ಇದೆ?"

"ನನ್ನತ್ರ ಒಂದು, ಇವನತ್ರ ಒಂದು," ಎಂದ ಮನೆಯ ಮಾಲೀಕ ಚೌಡಯ್ಯ, ಪಕ್ಕದಲ್ಲಿದ್ದ ದಲ್ಲಾಳಿ ಮರಿಸ್ವಾಮಿಯನ್ನು ತೋರಿಸಿ. "ಓಗ್ಲಿ ಬುಡಿ ಮೇಡಂ. ಹಳೇ ಮರ. ನಾಳೆ ಸಾಯಂಕಾಲಕ್ಕೆ ಸಿಮೆಂಟಿಂದು ಕೂರಿಸ್ಕೊಡ್ತೀನಿ. ಅದ್ಕೆಲ್ಲ ಪೊಲೀಸ್ನೋರು ಯಾಕೆ?"

"ಬೀಗ ಮುರೀದೆ ಮನೆ ಒಳಗೆ ಬರೋ ಕಳ್ಳ ಇದ್ರೆ, ನಾನು ಮಕ್ಕಳನ್ನ ಕಟ್ಕೊಂಡು ಇಲ್ಲಿ ಹೆಂಗೆ ಮಲಗ್ಲಿ?" ಎಂದಳು ಕಹಕಶಾನ್.

ರಂಜಿತಳ ಕಣ್ಣು ಮುಂಬಾಗಿಲಿನ ಮೇಲಿತ್ತು. ಹಲಸಿನ ಮರ, ಕೆತ್ತನೆ, ಹಿತ್ತಾಳೆಯ ಹೂಗಳು. ಅದು ಇದ್ದಲ್ಲೇ ಇತ್ತು.

*

ಹಿಂದಿನ ಸಂಜೆ ಬೀದಿಯಲ್ಲಿ ಅಹಮದ್ ಪಾಷಾನ ಗೂಡ್ಸ್ ಆಟೋ ನಿಂತಿತ್ತೆಂದು ಮರಿಸ್ವಾಮಿ ಹೇಳಿದ. ಪಾಷಾ ಹಳೇ ಮನೆಗಳ ಮರ ಕೊಂಡು ರೆಸಾರ್ಟಿನವರಿಗೆ ಮಾರುವವನು.

"ನಿಂತಿತ್ತು. ಟೈರು ಪಂಚರ್ ಆಗಿತ್ತು," ಎಂದ ಪಾಷಾ ನಗುತ್ತ. "ಪಂಚರ್ ಅಂಗಡಿ ಯಾಸಿನ್‌ನ ಕೇಳಿ ಮೇಡಂ. ಕಳುವಾಗಿರೋದು ಯಾವ ಬಾಗ್ಲು?"

"ಅಡುಗೆಮನೇದು."

"ಅದಾ? ಹೋದ ವರ್ಷ ನಾನೇ ಆ ಮನೆ ಮರ ನೋಡಿ ಬಂದಿದ್ದೆ. ಅದು ಬೇವು. ಮೈತುಂಬಾ ಕಚ್ಚು. ಸುಮ್ನೆ ಕೊಟ್ರೂ ನಾನು ಆಟೋಗೆ ಹಾಕಲ್ಲ. ಹಲಸು ಬಿಟ್ಟು ಬೇವು ಕದಿಯೋನು ನಮ್ ಧಂದೆಯವನಲ್ಲ. ಕಸಂ."

ಯಾಸಿನ್‌ನನ್ನೂ ಕೇಳಿದಳು. ಪಂಚರ್ ಆದದ್ದು ನಿಜ.

ಠಾಣೆಯಲ್ಲಿ ಸಾಹೇಬರು ತಲೆ ಎತ್ತಲಿಲ್ಲ. "ಒಂದು ಬಾಗಿಲಿಗೆ ಇಡೀ ದಿನ ತಿರುಗ್ತೀಯೇನಮ್ಮ?"

ಸುಮ್ಮನಾಗಿಬಿಡಬೇಕೆನಿಸಿತು. ಆದರೆ ಬೆಲೆಯಿಲ್ಲದ ಮರಕ್ಕಾಗಿ ಗೋಡೆ ಒಡೆದವನಿಗೆ ಬೇಕಾಗಿದ್ದು ಮರವಲ್ಲ. ಆ ಮರ ಅಲ್ಲಿ ಇರಬಾರದಿತ್ತು, ಅಷ್ಟೇ. ಯಾಕೆ?

*

ಪಕ್ಕದ ಮನೆಯ ದ್ಯಾವಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಅವಳ ಮನೆಯ ಗೋಡೆಗೆ ಹೊಸ ಬಣ್ಣ ಬಿದ್ದಿತ್ತು.

"ಯಾರ್ ತಗೊಂಡೋದ್ರೋ ಕಾಣೆ ಕಣವ್ವಾ. ಪಾಪ, ಚೌಡಯ್ಯನ ಅವ್ವ ಆ ವಾಡಕ್ಕೆ ಅರಿಶಿನ ಕುಂಕುಮ ಇಕ್ಕದೆ ಒಲೆ ಅಚ್ತಿರ್ಲಿಲ್ಲ."

"ಪೂಜೆ ಹೊಸ್ತಿಲಿಗಲ್ವಾ ಅಜ್ಜಿ? ಅಡುಗೆಮನೆ ವಾಡಕ್ಕೆ ಯಾಕೆ?"

ದ್ಯಾವಮ್ಮನ ಕೈ ನಿಂತಿತು. "ಅದೆಲ್ಲ ನಂಗೊತ್ತಿಲ್ಲ. ನಿಂಗೇನು ಬ್ಯಾರೆ ಕೆಲ್ಸ ಇಲ್ವಾ?"

ರಂಜಿತ ನೇರ ಟೈಲರ್ ಅಂಗಡಿಗೆ ಹೋದಳು. "ಆ ವಾಡದ ಮೇಲೆ ಕಚ್ಚು ಇದ್ವಾ?"

"ಇದ್ವು ಅಕ್ಕಾ. ಮೊನ್ನೆ ಕೇಳ್ದೆ. ಮಕ್ಕಳ ಎತ್ತರ ಅಳೆದಿರೋ ಗುರುತು ಅಂದ್ರು ಚೌಡಯ್ಯನೋರು. ನಮ್ಮ ಮಾವನಿಗೆ ಮೇಸ್ತ್ರಿ ಕೆಲಸ, ನೋಂದಣಿಗೆ ಮುಂಚೆ ಅವರನ್ನ ಕರ್ಕೊಂಡು ಬಂದು ತೋರಿಸ್ತೀನಿ ಅಂದೆ. ಒಂದು ಫೋಟೊ ಕೂಡ ಇದೆ."

ಫೋನಿನಲ್ಲಿ ಕಹಕಶಾನ್ ಆ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಮರದಲ್ಲಿ ಐದು ಕಚ್ಚುಗಳು. ಮೇಲಿನದು ಅವಳ ಎದೆಯ ಮಟ್ಟಕ್ಕೆ. ರಂಜಿತ ಚಿತ್ರವನ್ನು ದೊಡ್ಡದು ಮಾಡಿದಳು. ಎಡಗಡೆ ಐದು. ಬಲಗಡೆಯೂ ಐದು, ಅದೇ ಎತ್ತರದಲ್ಲಿ.

ಮಗು ಒಂದು ಕಡೆ ತಾನೇ ನಿಲ್ಲುವುದು? ಎರಡೂ ಕಡೆ ಒಂದೇ ಮಟ್ಟಕ್ಕೆ ನಿಲ್ಲುವುದು ಯಾವುದು?

ಅವಳಿಗೆ ಉತ್ತರ ಹೊಳೆಯಿತು. ಆದರೂ ಹೇಳಲಿಲ್ಲ. ತಪ್ಪಾಗಿದ್ದರೆ, ಇವಳ ಕೈಗೆ ಬಂದ ಮನೆ ತನ್ನಿಂದ ಹೋದಂತಾಗುತ್ತದೆ. ಮೊದಲು ಆ ಮರ ಸಿಗಬೇಕು.

*

ಮಾಯ ಮಾಡಲು ಸುಲಭದ ದಾರಿ ಒಲೆ. ಮರಿಸ್ವಾಮಿಯ ಹಿತ್ತಲಲ್ಲೂ ಚೌಡಯ್ಯ ಈಗಿರುವ ಮನೆಯ ಹಿತ್ತಲಲ್ಲೂ ನೀರೊಲೆ ಇಣುಕಿ ಬಂದಳು. ಬರೀ ತೆಂಗಿನ ಮಟ್ಟೆಯ ಬೂದಿ. ಆಗ ತನ್ನ ತಾಯಿ ನೆನಪಾದಳು. ಗಾಜು ಒಡೆದ ದೇವರ ಪಟವನ್ನು ಆಕೆ ಕಸಕ್ಕೆ ಹಾಕಿದವಳಲ್ಲ, ಬೆಂಕಿಗೂ ಕೊಟ್ಟವಳಲ್ಲ. ಹೊಳೆಗೆ ಬಿಟ್ಟು ಕೈಮುಗಿಯುತ್ತಿದ್ದಳು.

ರಂಜಿತ ಹೊಳೆಯ ದಡದಲ್ಲೇ ಕೆಳಗೆ ನಡೆದಳು. ಬೇಸಿಗೆ ಶುರುವಾಗಿತ್ತು. ನೀರು ಮೊಣಕಾಲುದ್ದವೂ ಇರಲಿಲ್ಲ. ಬಟ್ಟೆ ಒಗೆಯುವ ಬಂಡೆಗಳಾಚೆ, ಜೊಂಡಿನ ನಡುವೆ ಬಾಗಿಲ ಸಮೇತ ಆ ವಾಡ ಸಿಕ್ಕಿಕೊಂಡಿತ್ತು. ಅರ್ಧ ನೀರಲ್ಲಿ, ಅರ್ಧ ಮೇಲೆ. ಮೇಲಿದ್ದ ಭಾಗದಲ್ಲಿ ಅರಿಶಿನ ಬಳಿದು ಕುಂಕುಮ ಇಟ್ಟಿತ್ತು. ಹೊಸ ಅರಿಶಿನ. ಮುಟ್ಟಿದರೆ ಬೆರಳಿಗೆ ಅಂಟಿತು.

*

ಮರುದಿನ ಹತ್ತೂವರೆಗೆ ನೋಂದಣಿ ಕಚೇರಿಯ ಮುಂದೆ ಪಾಷಾನ ಗೂಡ್ಸ್ ಆಟೋ ಬಂದು ನಿಂತಿತು. ಹಿಂದೆ ಬೇವಿನ ವಾಡ.

"ಕೊನೆಗೂ ನನ್ ಗಾಡೀಲೇ ಬಂತು ನೋಡಿ," ಎಂದು ಗೊಣಗುತ್ತ ಪಾಷಾ ಅದನ್ನು ನೆಲಕ್ಕಿಳಿಸಿದ.

ಮರಿಸ್ವಾಮಿ ವಾಡದ ಮೇಲೆ ಚಪ್ಪಲಿ ಕಾಲೂರಿ ಬಗ್ಗಿ ನೋಡಿದ. "ಇದ್ಕೇನಾ ಇಷ್ಟು ರಾಮಾಯ್ಣ? ಸೌದೆ ಅಲ್ವಾ ಇದು?"

"ಲೇ, ಕಾಲ್ ತೆಗಿಯಲಾ!" ಎಂದು ಚೌಡಯ್ಯ ಕೂಗಿದ. ಅವನ ಚಪ್ಪಲಿಗಳು ಎರಡು ಹೆಜ್ಜೆ ಹಿಂದೆ ನೆಲದ ಮೇಲಿದ್ದವು. ಬಿಟ್ಟದ್ದು ಅವನಿಗೇ ಗೊತ್ತಾಗಿರಲಿಲ್ಲ.

ರಂಜಿತ ಆ ಚಪ್ಪಲಿಗಳನ್ನೇ ನೋಡುತ್ತ ಮಾತಾಡಿದಳು.

"ಕೀ ಇದ್ದದ್ದು ಇಬ್ಬರ ಹತ್ರ. ಮನೆ ಮಾರಾಟವಾದ್ರೆ ಲಾಭ ಇಬ್ಬರಿಗೂ ಇತ್ತು. ಮರಿಸ್ವಾಮಿ ಆಗಿದ್ರೆ ಇದನ್ನ ಸೀಳಿ ಒಲೆಗೆ ಹಾಕ್ತಿದ್ದ. ಅವನಿಗೆ ಇದು ಸೌದೆ. ತೆಗೆದವನಿಗೆ ಇದು ಪೂಜೆ ಮಾಡಿದ ಮರ. ಅರಿಶಿನ ಹಚ್ಚಿ ಹೊಳೆಗೆ ಬಿಟ್ಟ. ಮಳೆಗಾಲವಾಗಿದ್ರೆ ಕೊಚ್ಕೊಂಡು ಹೋಗ್ತಿತ್ತು. ಕಹಕಶಾನ್, ಎರಡೂ ಕಡೆ ಕಚ್ಚು ಅಳೀರಿ."

ಕಹಕಶಾನ್ ಟೇಪು ಬಿಚ್ಚಿದಳು. ಎಡಗಡೆಯ ಮೇಲಿನ ಕಚ್ಚು ನಲವತ್ತೊಂಬತ್ತು ಇಂಚು. ಬಲಗಡೆಯದೂ ನಲವತ್ತೊಂಬತ್ತು. ಒಂದು ನೂಲೂ ಹೆಚ್ಚುಕಡಿಮೆ ಇಲ್ಲ.

"ಮಕ್ಕಳ ಎತ್ತರ ಅಲ್ಲ ಇದು, ನೀರಿಂದು," ಎಂದಳು ರಂಜಿತ. "ಅಲ್ವಾ ಚೌಡಯ್ಯನೋರೆ?"

ಚೌಡಯ್ಯ ಮೆಟ್ಟಿಲ ಮೇಲೆ ಕುಳಿತ. "ಅಣೆಕಟ್ಟೆಯಿಂದ ನೀರು ಬುಟ್ಟಾಗೆಲ್ಲ ಮನೆ ಒಳೀಕೆ ಬತ್ತಿತ್ತು. ಇಳಿದ ಮ್ಯಾಕೆ, ಮನೆ ತೊಳೆಯಕ್ ಮುಂಚೆ, ಅವ್ವ ನೀರಿನ ಗೆರೆಗೆ ಕುಡುಗೋಲಲ್ಲಿ ಕಚ್ಚು ಆಕೋಳು. ಗಂಗಮ್ಮ ಇಲ್ಲೀಗಂಟ ಬಂದು ನಮ್ಮನ್ನ ಉಳಿಸಿ ಓದ್ಲು ಅಂತ ಪೂಜೆ ಮಾಡೋಳು. ಮೇಸ್ತ್ರಿ ನೋಡುದ್ರೆ ತಿಳ್ಕೊಂಬುಡ್ತಾನೆ ಅಂತ ಕಿತ್ತೆ. ಕೊಡ್ಲೀನೂ ಎತ್ತಿದ್ದೆ ಮೇಡಂ. ಕೈ ಬರ್ನಿಲ್ಲ."

"ನಿಮ್ಮ ಮನೆ ಬಾಗಿಲು ನೀವೇ ಕಿತ್ರೆ ಕಳ್ಳತನ ಅಲ್ಲ," ಎಂದಳು ರಂಜಿತ. "ಸುಳ್ಳು ಹೇಳಿ, ಗುರುತು ಅಳಿಸಿ ಮಾರೋದು ಮೋಸ. ದೂರು ಕೊಡೋದು ಬಿಡೋದು ಇವರಿಗೆ ಬಿಟ್ಟದ್ದು."

ಕಹಕಶಾನ್ ಟೇಪನ್ನು ನಲವತ್ತೊಂಬತ್ತಕ್ಕೆ ಹಿಡಿದು ತನ್ನ ಮೈಗೆ ಇಟ್ಟುಕೊಂಡಳು. ಅಷ್ಟು ನೀರು ಬಂದರೆ ಹೊಲಿಗೆ ಮಿಷನ್ನು ಮುಳುಗುತ್ತದೆ. ಕಿರಿಯ ಮಗಳ ತಲೆಯೂ.

"ನಿಮ್ಮ ಅಮ್ಮ ಇದ್ದಿದ್ರೆ ನಂಗೆ ಹೇಳ್ತಿದ್ರು," ಎಂದಳು ಚೌಡಯ್ಯನಿಗೆ. ಕೈಯಲ್ಲಿದ್ದ ಕಾಗದ ಪತ್ರಗಳನ್ನು ಚೀಲಕ್ಕೆ ಹಾಕಿದಳು. ಒಳಗಿನಿಂದ ಗುಮಾಸ್ತ ಅವಳ ಹೆಸರು ಕೂಗಿದಾಗ ಅವಳು ಒಳಗೆ ಹೋಗಲಿಲ್ಲ.

*

ಸಂಜೆ ಪಾಷಾ ವಾಡವನ್ನು ವಾಪಸು ತಂದು ಹೆಂಚಿನ ಮನೆಯ ಜಗಲಿಗೆ ಒರಗಿಸಿ ಹೋದ. ರಂಜಿತ ಪಂಚನಾಮೆಗೆಂದು ಬಂದಾಗ ದ್ಯಾವಮ್ಮ ತನ್ನ ಮನೆಯೊಳಗೆ ಅಡುಗೆಮನೆಯ ಬಾಗಿಲ ಮುಂದೆ ಕೂತಿದ್ದಳು. ಕೈಯಲ್ಲಿ ಒಂದು ಚಾಕು. ಅದರ ವಾಡಕ್ಕೆ ಹೊಡೆದಿದ್ದ ಹೊಸ ಬಣ್ಣವನ್ನು ಕೆರೆಯುತ್ತಿದ್ದಳು.

"ನಾನೂ ಮಾರಕ್ಕೆ ಇಟ್ಟಿದ್ದೆ ಕಣವ್ವಾ," ಎಂದಳು, ತಿರುಗಿ ನೋಡದೆ.

ಬಣ್ಣದಡಿ ಮೊದಲ ಕಚ್ಚು ಕಾಣಿಸಿಕೊಂಡಿತ್ತು.