ಗವಿಸಿದ್ದಪ್ಪನ ಪಾರ್ಟಿನಲ್ಲಿದ್ದ ಮಾತು

ಕಾಗದದ ಮೇಲೆ ಕೊಟ್ರಪ್ಪ ಮಾಸ್ತರನಷ್ಟು ಧೈರ್ಯವಂತ ಗದಗಿನಲ್ಲಿ ಇನ್ನೊಬ್ಬನಿರಲಿಲ್ಲ. ರಾಜನನ್ನು ಬಯ್ಯುತ್ತಿದ್ದ, ರಾಣಿಯ ಕೈ ಹಿಡಿಯುತ್ತಿದ್ದ. ಕಾಗದ ಕೆಳಗಿಟ್ಟರೆ ಮುಗಿಯಿತು, ಕಸ್ತೂರೆವ್ವನನ್ನು ಚಹಾ ಆಯಿತೇ ಎಂದು ಕೇಳುವುದಕ್ಕೂ ಅವನು ಮೂರು ಸಲ ಬಾಗಿಲ ತನಕ ಬಂದು ತಿರುಗಿ ಹೋಗುತ್ತಿದ್ದ.

ಕಸ್ತೂರೆವ್ವ ಉಡಚಪ್ಪನವರ ನಾಟಕ ಕಂಪನಿಯ ನಾಯಕಿ. ಹನ್ನೆರಡಕ್ಕೆ ಬಣ್ಣ ಹಚ್ಚಿದವಳಿಗೆ ಈಗ ಇಪ್ಪತ್ತಾರು. ಶಿಗ್ಲಿಯಲ್ಲಿ ಮಾಸ್ತರಿಕೆ ಬಿಟ್ಟು ಕಂಪನಿಗೆ ನಾಟಕ ಬರೆಯಲು ಬಂದ ಈ ಸಪೂರ ಮನುಷ್ಯ ಅವಳಿಗೆ ಯಾವಾಗ ಬೇಕಾದನೋ ಅವಳಿಗೇ ಗೊತ್ತಿಲ್ಲ. ಮಾತಾಡುವ ಮೊದಲು ನೀನು ಕೆಳತುಟಿ ಕಚ್ಚುತ್ತೀ, ಮಂದಿ ಪಾರ್ಟು ಮರೆತಳು ಅಂದುಕೊಳ್ಳುತ್ತಾರೆ ಎಂದು ಒಮ್ಮೆ ಅವನು ಹೇಳಿದ್ದ. ಅಷ್ಟು ಹತ್ತಿರದಿಂದ ಅವಳನ್ನು ಯಾರೂ ನೋಡಿರಲಿಲ್ಲ.

ಐವತ್ತಾರರ ಮಳೆಗಾಲದಲ್ಲಿ ಅವನು ಹೊಸ ನಾಟಕ ಮುಗಿಸಿದ. ಮುನ್ನೂರೈವತ್ತು ವರ್ಷದ ಹಿಂದಿನ ಲಂಡನ್ನಿನ ಒಬ್ಬ ನಾಟಕ ಕವಿಯ ಕಥೆ. ಕವಿಗೆ ಜರಿ ರುಮಾಲು ಸುತ್ತಿಸಿ ಎರಡು ಹಾಡು ಹಾಡಿಸಿದರೆ ಲಂಡನ್ ಆದರೂ ನಡೆದೀತು ಎಂದು ಮಾಲಕರು ಒಪ್ಪಿದ್ದರು. ಆ ಊರಿನಲ್ಲಿ ಹೆಂಗಸರು ರಂಗದ ಮೇಲೆ ಬರುವಂತಿರಲಿಲ್ಲ, ಮೀಸೆ ಬರದ ಹುಡುಗರೇ ಸೀರೆ ಉಡುತ್ತಿದ್ದರು ಎಂದು ಮಾಸ್ತರ ಹೇಳಿದಾಗ ಕಸ್ತೂರೆವ್ವ ನಕ್ಕಳು. ಲಂಡನ್ನಿನಲ್ಲಿ ಸೀರೆ ಎಲ್ಲಿಂದ ಬಂತು ಎಂದು ಅವಳು ಕೇಳಿದಾಗ ಅವನೂ ನಕ್ಕ.

“ಹಂಗಾರ ಆ ಕವಿ ಹೆಣ್ಣಿನ ಮಾತು ಯಾರನ್ನ ನೋಡಿ ಬರದ್ನಂತ?”

“ಅದನ್ನ ಯಾರೂ ಬರದಿಟ್ಟಿಲ್ಲ.”

“ನೀವು ಯಾರನ್ನ ನೋಡಿ ಬರೀತೀರಿ?”

ಅವನ ಕಿವಿ ಕೆಂಪಾದವು. ಇವನ ಬಾಯಿಂದ ಉತ್ತರ ಬರುವಷ್ಟರಲ್ಲಿ ತನ್ನ ತಲೆ ನೆರೆಯುತ್ತದೆ ಎಂದು ಕಸ್ತೂರೆವ್ವ ತಾನೇ ಕೇಳಿಬಿಟ್ಟಳು.

“ಶಿಗ್ಲಿ ಮನಿಗೆ ನನ್ನ ಕರಕೊಂಡ ಹೋಗ್ತೀರೇನ್ರಿ ಮಾಸ್ತರ? ಹೇಣ್ತಿ ಅಂತ?”

ಕೊಟ್ರಪ್ಪ ಲೇಖಣಿಯ ಮುಚ್ಚಳ ಹಾಕಿದ. “ಮೂರನೇ ಅಂಕದಾಗ ಬರದೀನಿ” ಎಂದ. “ನಾಳಿ ಪಾರ್ಟು ಕೊಡ್ತೀನಿ. ಓದಿ ನೋಡು.”

ಕಂಪನಿಗಳ ರೀತಿ ಗೊತ್ತಿಲ್ಲದವರಿಗೆ ಇಲ್ಲೊಂದು ಮಾತು ಹೇಳಬೇಕು. ಇಡೀ ನಾಟಕ ಮಾಲಕರ ಪೆಟ್ಟಿಗೆಯಲ್ಲಿ ಬೀಗದೊಳಗೆ ಇರುತ್ತಿತ್ತು. ನಟರಿಗೆ ಸಿಗುತ್ತಿದ್ದುದು ಅವರವರ ಮಾತು, ಮತ್ತು ಅದಕ್ಕೆ ಮುಂಚೆ ಎದುರಿನವರು ಆಡುವ ಕೊನೆಯ ಎರಡು ಪದ. ಯಾರೂ ಇಡೀ ನಾಟಕ ಕದ್ದು ಬೇರೆ ಕಂಪನಿಗೆ ಓಡಬಾರದೆಂದು ಈ ಕಟ್ಟುಪಾಡು. ಇಡೀ ನಾಟಕವನ್ನು ತಲೆಯಲ್ಲಿ ಹೊತ್ತು ತಿರುಗುವ ಕೊಟ್ರಪ್ಪನಿಗೆ, ಉಳಿದವರ ಕೈಯಲ್ಲಿ ಬರೀ ತುಂಡುಗಳಿವೆ ಎಂಬುದೇ ಮರೆತುಹೋಗಿತ್ತು.

ಮರುದಿನ ಎಲ್ಲರಿಗೂ ಪಾರ್ಟು ಹಂಚಿ, ಮಧ್ಯಾಹ್ನದ ಬಸ್ಸಿಗೆ ಅವನು ಶಿಗ್ಲಿಗೆ ಹೊರಟುಹೋದ. ಕಸ್ತೂರೆವ್ವ ಥೇಟರಿನ ತಗಡಿನ ಗೋಡೆಯ ಹಿಂದೆ ನಿಂತು ಮೂರನೇ ಅಂಕ ತೆರೆದಳು. ಎದುರಿನವರ ಎರಡು ಪದ: ‘ಜಗಳವೂ ನಿನ್ನದೇ.’ ಅದರ ಕೆಳಗೆ ಅವಳ ಮಾತು, ಹುಡುಗನ ವೇಷದಲ್ಲಿ ಕವಿಯ ಕಂಪನಿ ಸೇರಿದ ಹೆಣ್ಣಿನದು. ‘ಹೋಗು ಕವಿಯೇ. ರಂಗವೇ ನನ್ನ ಮನೆ. ಯಾರ ಹೊಸ್ತಿಲನ್ನೂ ತುಳಿಯುವ ಹೆಣ್ಣು ನಾನಲ್ಲ.’

ಏಳು ಸಲ ಓದಿದಳು. ಒಲ್ಲೆ ಎನ್ನಲು ತನಗೆ ಬಾಯಿಲ್ಲದೆ, ನನ್ನ ಬಾಯಿಂದಲೇ ಒಲ್ಲೆ ಅನ್ನಿಸಿದ್ದಾನೆ ಎಂದುಕೊಂಡಳು. ಬಸ್ಸು ಹತ್ತಿ ಓಡಿಯೂ ಹೋದ. ಅವಳಿಗೆ ಅಳುವಿಗಿಂತ ನಾಚಿಕೆ ಹೆಚ್ಚಾಯಿತು.

ನಾಯಕನ ಪಾರ್ಟು ಮಾಡುವ ಗವಿಸಿದ್ದಪ್ಪ ಅವಳನ್ನು ಹಿಂದೆ ಎರಡು ಸಲ ಮದುವೆಗೆ ಕೇಳಿದ್ದ. ಒಳ್ಳೆಯ ಮನುಷ್ಯ, ಕುಡಿಯುತ್ತಿರಲಿಲ್ಲ, ಕೈ ಎತ್ತುವವನಲ್ಲ. ಆರನೇ ದಿನ ಅವಳೇ ಹೋಗಿ ಆಗಲಿ ಎಂದಳು. ನಾಯಕ ನಾಯಕಿ ಒಂದೇ ಮನೆಯವರಾದರೆ ಇಬ್ಬರೂ ಕಂಪನಿ ಬಿಡುವುದಿಲ್ಲವೆಂದು ಮಾಲಕರು ಹಿಗ್ಗಿದರು. ಶಿರಹಟ್ಟಿಯ ಮಠದಲ್ಲಿ ತಾಳಿ ಬಿತ್ತು, ಕಂಪನಿಯವರೆಲ್ಲ ಹೋಳಿಗೆ ಉಂಡರು.

ಹನ್ನೆರಡನೇ ದಿನ ಕೊಟ್ರಪ್ಪ ಬಂದ. ಕಸ್ತೂರೆವ್ವನ ಕೊರಳಿನ ತಾಳಿ ನೋಡಿದ. ಪುಸ್ತಕ ಹಿಡಿದು ತಾಲೀಮಿಗೆ ಕುಳಿತ.

ಮೂರನೇ ಅಂಕ ಬಂತು. ಗವಿಸಿದ್ದಪ್ಪ ತನ್ನ ಪಾರ್ಟು ಶುರು ಮಾಡಿದ. “ಮಾತಿಗೆ ಮೊದಲು ತುಟಿ ಕಚ್ಚುವವಳೇ, ಇಷ್ಟು ವರ್ಷ ನಿನ್ನ ಮಾತುಗಳನ್ನೆಲ್ಲ ನಾನೇ ಬರೆದೆ. ಇನ್ನು ನನ್ನ ಮನೆಯಲ್ಲಿ ನಿನ್ನ ಮಾತನ್ನು ನೀನೇ ಆಡು. ನನ್ನ ಹೆಂಡತಿಯಾಗಿ ಬಾ. ಒಲೆಯೂ ನಿನ್ನದೇ, ಜಗಳವೂ ನಿನ್ನದೇ.”

ಕಸ್ತೂರೆವ್ವ ತನ್ನ ಮಾತು ಬಿಟ್ಟು ಅಲ್ಲೇ ನೆಲದ ಮೇಲೆ ಕುಳಿತಳು. ಹೊಸ ಮದುವೆಯ ದಣಿವು ಎಂದು ಯಾರೋ ಚೇಷ್ಟೆ ಮಾಡಿದರು.

ತಾಲೀಮು ಮುಗಿದ ಮೇಲೆ ಅವಳು ಮಾಸ್ತರನ ಎದುರು ನಿಂತಳು. ಅವನ ಉಗುರಿನ ಸಂದಿಯಲ್ಲಿ ಸುಣ್ಣವಿತ್ತು. ತಾಯಿಯನ್ನು ಒಪ್ಪಿಸಲು ಎಂಟು ದಿನ, ಮನೆಗೆ ಸುಣ್ಣ ಬಳಿಯಲು ಮೂರು ದಿನ ಹಿಡಿಯಿತೆಂದು ಅವನು ಮೆಲ್ಲಗೆ ಹೇಳಿದ.

“ಮತ್ತ ನನ್ನ ಬಾಯಾಗ ಹೋಗು ಅಂತ ಯಾಕ ಹಾಕಿದ್ರಿ?”

“ಕೊನಿಗೆ ಮಂದಿ ಅಳಬೇಕಂದ್ರು ಮಾಲಕರು. ಅದು ಆಟಕ್ಕ.”

“ನನಗ ಹೇಳೂ ಮಾತು ಇನ್ನೊಬ್ಬನ ಬಾಯಾಗ ಇಟ್ಟು ಹೋದ್ರಿ. ಆ ಇನ್ನೊಬ್ಬನನ್ನ ಕಟ್ಟಿಕೊಂಡೆ ನಾನು.” ಅವಳ ಕಣ್ಣಲ್ಲಿ ನೀರು ಬರಲಿಲ್ಲ, ಸಿಟ್ಟು ಅಷ್ಟಿತ್ತು. ಅವನನ್ನು ಹೊಡೆಯಬೇಕೆನಿಸಿತು, ಅದಕ್ಕಿಂತ ಹೆಚ್ಚಾಗಿ ಆ ಸುಣ್ಣದ ಕೈ ಹಿಡಿಯಬೇಕೆನಿಸಿತು. ಎರಡೂ ಮಾಡಲಿಲ್ಲ.

ಮೊದಲ ಆಟ ನವೆಂಬರ್ ಒಂದರ ಮಧ್ಯಾಹ್ನ. ನಾಡು ಒಂದಾದ ದಿನ, ಮೆರವಣಿಗೆ ಮುಗಿಸಿದ ಜನವೆಲ್ಲ ಥೇಟರಿಗೇ ನುಗ್ಗಿತು. ಹರಿದು ಹೋದದ್ದು ಕೂಡಿತೆಂದು ಮಾಲಕರು ಭಾಷಣ ಮಾಡಿದರು. ಕೊಟ್ರಪ್ಪ ಪುಸ್ತಕ ಹಿಡಿದು ಪಡದೆಯ ಪಕ್ಕ, ಮರೆತ ಮಾತು ಎತ್ತಿಕೊಡುವ ಪ್ರಾಂಪ್ಟರ್ ಆಗಿ ನಿಂತ.

ಮೂರನೇ ಅಂಕದಲ್ಲಿ ಕಸ್ತೂರೆವ್ವ ಕವಿಯನ್ನು ಹೋಗೆಂದಾಗ ಹೆಂಗಸರು ಬಿಕ್ಕಿದರು, ಗಂಡಸರು ಒನ್ಸ್ ಮೋರ್ ಎಂದು ಬೆಂಚು ಗುದ್ದಿದರು. ಒನ್ಸ್ ಮೋರ್ ಬಂದರೆ ಮತ್ತೊಮ್ಮೆ ಆಡಲೇಬೇಕು, ಕಂಪನಿಯ ಧರ್ಮ ಅದು.

ನನ್ನ ಹೆಂಡತಿಯಾಗಿ ಬಾ ಎಂಬ ಮಾತನ್ನೆಲ್ಲ ಗವಿಸಿದ್ದಪ್ಪ ಮತ್ತೆ ಹೇಳಿದ. ಕಸ್ತೂರೆವ್ವ ಅವನನ್ನು ನೋಡಲಿಲ್ಲ. ಪಡದೆಯ ಪಕ್ಕ ನಿಂತ ಮಾಸ್ತರನ ಕಡೆ ತಿರುಗಿ, “ಬರ್ತೀನ್ರಿ” ಎಂದಳು.

ಗವಿಸಿದ್ದಪ್ಪನಿಗೆ ಬೇಕಾದ ಎರಡು ಪದ ಬರಲಿಲ್ಲ, ಅವನು ಸುಮ್ಮನೆ ನಿಂತ. ಅವನಿಗೆ ತನ್ನ ಮಾತು ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಕೊಟ್ರಪ್ಪ ಅವಳನ್ನು ನೋಡಿದ. ಅವನು ಪುಸ್ತಕ ಕೆಳಗಿಟ್ಟು ಒಂದು ಹೆಜ್ಜೆ ಮುಂದೆ ಬಂದರೆ ಸಾಕಿತ್ತು, ಮುಂದಿನದನ್ನು ಅವಳು ನೋಡಿಕೊಳ್ಳುತ್ತಿದ್ದಳು. ಅವಳು ಕಾದಳು.

ಅವನು ಪುಸ್ತಕಕ್ಕೆ ಕಣ್ಣಿಳಿಸಿದ.

“ಹೋಗು ಕವಿಯೇ” ಎಂದು ಎತ್ತಿಕೊಟ್ಟ. ಅವಳು ಕೇಳದವಳಂತೆ ನಿಂತಾಗ ಇನ್ನೊಮ್ಮೆ, ಮುಂದಿನ ಬೆಂಚಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ. ದನಿ ಎತ್ತಿ ಅವನು ಅವಳಿಗೆ ಹೇಳಿದ ಮೊದಲ ಮಾತು ಅದು.

ಕಸ್ತೂರೆವ್ವ ಗಂಡನ ಕಡೆ ತಿರುಗಿ, ಒಂದಕ್ಷರ ಬಿಡದೆ ಪೂರ್ತಿ ಹೇಳಿದಳು.